ಸೊಸೆಯ ಹಿಂದೆ ಸೋನೋಗ್ರಫಿಗೆ

"ನಾಳೆ ಹನ್ನೊಂದು ಗಂಟೆಗೆ ಸೋನೋಗ್ರಫಿ. ಅಮ್ಮನಿಗೆ ಮಾತ್ರ ಗೊತ್ತಾಗಬಾರದು."

ಮಗ ಪ್ರೀತಮ್ ಸೊಸೆ ನಮಿತಾಳಿಗೆ ಹೇಳಿದ ಈ ಗುಟ್ಟು, ಕೋಣೆಯ ಬಾಗಿಲು ತೆರೆದೇ ಇದ್ದುದರಿಂದ, ಹಾಲ್‌ನಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದ ಶೀಲಾವತಿಯವರಿಗೆ ಸ್ಪಷ್ಟವಾಗಿ ಕೇಳಿಸಿತು. ಮೊಮ್ಮಗು! ಅದನ್ನು ಅಜ್ಜಿಯಿಂದಲೇ ಮುಚ್ಚಿಡುವುದೇ?

ತನ್ನ ಮೇಲಿನ ಸಿಟ್ಟಿಗೇ ಸೊಸೆ ಮುಚ್ಚಿಡುತ್ತಿರಬೇಕು ಎಂದುಕೊಂಡರು. ಕೆಲವು ತಿಂಗಳಿಂದ ಅವರ ಮೂಗಿನ ಮೇಲೆ ಒಂದು ಗುಳ್ಳೆ. ಒಣಗುತ್ತದೆ, ಮತ್ತೆ ರಕ್ತ ಒಸರುತ್ತದೆ. ಡಾಕ್ಟರಿಗೆ ತೋರಿಸಿ ಎಂದು ಸೊಸೆ, ಅರಿಶಿನ ಸಾಕು ಎಂದು ಅತ್ತೆ. "ಇನ್ನೊಮ್ಮೆ ಡಾಕ್ಟರ್ ಅಂದ್ರೆ ನಾನು ವಾಪಸ್ ಉಡುಪಿಗೆ ಹೋಗ್ತೇನೆ ನೋಡು" ಎಂದ ಮೇಲೆ ಸೊಸೆ ಆ ಮಾತೇ ಬಿಟ್ಟಿದ್ದಳು.

ಮರುದಿನ ಪ್ರೀತಮ್ ಅಂಧೇರಿಯ ಆಫೀಸಿಗೆ ಹೋದ. ನಮಿತಾ ಮುಲುಂಡ್ ಸ್ಟೇಷನ್ ರಸ್ತೆ ಹಿಡಿದಳು. ನಿಧಾನವಾಗಿ ನಡೆದಳು. ಬಸುರಿಯಲ್ಲವೇ, ಎಂದುಕೊಂಡು ಶೀಲಾವತಿ ಹಿಂದೆಯೇ ನಡೆದರು. ಸೊಸೆ ಪ್ರತಿ ತಿರುವಿನಲ್ಲೂ ನಿಂತಳು. ಅತ್ತೆ ನಿಂತ ರಿಕ್ಷಾಗಳ ಮರೆಗೆ ಸರಿದರು. ಕೊನೆಗೆ ಸೊಸೆ ಕ್ಲಿನಿಕ್ ಹೊಕ್ಕಳು. ಅತ್ತೆಗೆ ತಡೆಯಲಾಗಲಿಲ್ಲ. ಡಾಕ್ಟರರ ಕೋಣೆಗೇ ನುಗ್ಗಿದರು.

"ಎಂತದು ಮಾರಾಯ್ತಿ, ನನ್ನ ಹತ್ತಿರವೂ ಗುಟ್ಟಾ?"

ನಮಿತಾ ತಲೆ ತಗ್ಗಿಸಿದಳು. ವಿಜಯಪುರ ಮೂಲದ ಡಾಕ್ಟರ್ ಗುರಲಿಂಗಪ್ಪ ನಕ್ಕರು.

"ಹೆಂಗೂ ಬಂದೀರಿ, ಕೂಡ್ರಿ ಅಮ್ಮಾರ. ಮೂಗಿನ ಮ್ಯಾಲೆ ಏನ್ರಿ ಅದು? ಈ ಮಷಿನ್ ಬರೇ ಹೊಟ್ಟಿ ನೋಡೂದಲ್ರಿ, ಚರ್ಮದ ಒಳಗೂ ನೋಡ್ತೈತಿ. ಸೂಜಿ ಇಲ್ಲ, ನೋವಿಲ್ಲ."

ಇಂಥ ಶುಭ ದಿನ ಹಟ ಯಾಕೆ ಎಂದು ಶೀಲಾವತಿ ಮಲಗಿದರು. ಮೂಗಿನ ಮೇಲೆ ತಣ್ಣನೆಯ ಜೆಲ್ ಬಿತ್ತು. ಆಗಲೇ ಮಷಿನ್ನಿಗೆ ಜೋಡಿಸಿಟ್ಟಿದ್ದ ಪುಟ್ಟ ಪ್ರೋಬ್ ಮೆಲ್ಲಗೆ ಸರಿದಾಡಿತು. ತೆರೆಯ ಮೇಲೆ ಬೂದು ಪದರಗಳ ನಡುವೆ ಒಂದು ಕಪ್ಪು ಚುಕ್ಕೆ. ಡಾಕ್ಟರರ ನಗು ನಿಂತಿತು.

"ಗಡ್ಡಿ ಐತ್ರಿ. ಚರ್ಮದ ಕ್ಯಾನ್ಸರ್ ಇರಬಹುದು. ಆದ್ರ ಆಳಕ್ಕ ಇಳಿದಿಲ್ಲ. ಚೂರು ತೆಗೆದು ಪರೀಕ್ಷಾಕ್ಕ ಕಳಸೋಣು, ಆಮ್ಯಾಲೆ ಪೂರ್ತಿ ತೆಗೆದ್ರ ಆತು. ಇನ್ನಷ್ಟು ದಿನ ಬಿಟ್ಟಿದ್ರ ಮೂಗಿಗೇ ಕುತ್ತು ಬರ್ತಿತ್ತು."

ಶೀಲಾವತಿ ಮೂಗಿನ ಜೆಲ್ ಒರೆಸಿಕೊಂಡರು. ಎದ್ದು ಕುಳಿತು ಸೊಸೆಯ ಕೈ ಗಟ್ಟಿಯಾಗಿ ಹಿಡಿದರು.

"ನನ್ನನ್ನು ಉಳಿಸಿದ್ದು ನನ್ನ ಮೊಮ್ಮಗುವೇ. ಬಾ ಮಗಳೇ, ಇನ್ನು ನೀನು ಮಲಗು."

"ಅವರಿಗೇನೂ ಇಲ್ರಿ," ಎಂದರು ಡಾಕ್ಟರ್. "ಹನ್ನೊಂದರ ಅಪಾಯಿಂಟ್‌ಮೆಂಟ್ ನಿಮ್ಮ ಹೆಸರಿಗೇ ಐತಿ."