ಸಲಾಮು ಹೊಡೆದ ಗೇಟು

ಮಾಗಿಯ ಚಳಿ. ಶನಿವಾರ ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಇಂಜಿನಿಯರ್ ಹುಡುಗಿ ನನ್ನ ಕಾವಲು ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಅಪಾರ್ಟ್‌ಮೆಂಟಿನ ದೊಡ್ಡ ಗೇಟು ತಾನೇ ತೆರೆಯುವಂತೆ ಮಾಡಬೇಕಿತ್ತು. ಅದಾದ ಮೇಲೆ, ಸೋಮವಾರದಿಂದ ನೀನು ಬರಬೇಡ ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ನನಗೆ ಮೊದಲೇ ಹೇಳಿದ್ದರು.

ಅವಳು ಗೇಟಿನ ಪ್ರೋಗ್ರಾಮಿಗೆ ಬೇಕಾದ ಯಾವುದೋ ಲೈಬ್ರರಿ ಇನ್‌ಸ್ಟಾಲ್ ಮಾಡುತ್ತಿದ್ದಳು. ಸ್ಕ್ರೀನ್ ತುಂಬ ಕೆಂಪು ಅಕ್ಷರ ಬಂತು, ಬೈದುಕೊಂಡಳು. ಕೊನೆಗೆ ಬಿಲ್ಡ್ ಆಯಿತು, ಪ್ರೋಗ್ರಾಮು ಸಿದ್ಧ ಎಂದಳು.

“ಇದಕ್ಕೆ ಎರಡೇ ಸ್ಥಿತಿ ಗೊತ್ತು ತಾತ. ಒಳಗಿದ್ದಾರೆ, ಇಲ್ಲಾ ಹೊರಗಿದ್ದಾರೆ. ಈಗ ಎಲ್ಲರೂ ಒಳಗೆ ಅಂತ ಬರೆದಿದ್ದೀನಿ. ಹೋಗುವಾಗ ಈ ಕಡೆ ಕಾರ್ಡು ತೋರಿಸಿದ್ರೆ ಹೊರಗೆ, ಬರುವಾಗ ಆ ಕಡೆ ತೋರಿಸಿದ್ರೆ ಒಳಗೆ.”

“ತೋರಿಸದೆ ಒಳಗೆ ಬಂದ್ರೆ?”

“ಹೊರಗೇ ಇದ್ದಾರೆ ಅಂದ್ಕೊಳ್ಳುತ್ತೆ. ಆಮೇಲೆ ಹೊರಗೆ ಬಿಡಲ್ಲ.”

ಅಧ್ಯಕ್ಷರು ಮೊದಲ ಕಾರ್ಡು ತೋರಿಸಿ, ನೆರೆದವರಿಂದ ಚಪ್ಪಾಳೆ ಹೊಡೆಸಿಕೊಂಡು ವಾಕಿಂಗ್ ಹೋದರು. ವಾಪಸ್ ಬಂದಾಗ ನಾನು ದಿನದಂತೆ ಸಲಾಮು ಹೊಡೆದು ಪಕ್ಕದ ಚಿಕ್ಕ ಗೇಟು ತೆಗೆದೆ. ದಿನದಂತೆ ಅವರು ನನ್ನ ಮುಖ ನೋಡದೆ ಒಳಗೆ ನಡೆದರು.

ಹತ್ತು ಗಂಟೆಗೆ ರೇಷ್ಮೆ ಪಂಚೆ ಉಟ್ಟು, ಕಾರಲ್ಲಿ ಮದುವೆಗೆ ಹೊರಟರು. ಕಾರ್ಡು ತೋರಿಸಿದರೂ ಗೇಟು ಅಲ್ಲಾಡಲಿಲ್ಲ. ಹಿಂದಿನ ಕಾರುಗಳು ಹಾರನ್ ಹೊಡೆದವು.

“ಏನಮ್ಮಾ ಇದು? ಮುಹೂರ್ತ ಮೀರುತ್ತೆ!”

“ಅದರ ಪ್ರಕಾರ ನೀವಿನ್ನೂ ಹೊರಗೇ ಇದ್ದೀರಿ ಸಾರ್!”

ಅಧ್ಯಕ್ಷರು ನನ್ನತ್ತ ತಿರುಗಿದರು. “ನೋಡ್ತಾ ನಿಂತಿದ್ದೀಯಲ್ಲಯ್ಯಾ, ಚಿಕ್ಕ ಗೇಟು ತೆಗಿ! ಆಟೋದಲ್ಲಾದ್ರೂ ಹೋಗ್ತೀನಿ.”

“ತೆಗೀತೀನಿ ಸಾರ್. ಸೋಮವಾರದಿಂದ ಯಾರು ತೆಗೀತಾರೆ?”

ಸೋಮವಾರ ಹೊರಟದ್ದು ನಾನಲ್ಲ, ಕಾರ್ಡಿನ ಮಿಷಿನ್ನು. ಅದಕ್ಕೂ ಸಲಾಮು ಹೊಡೆದು ಗೇಟು ತೆಗೆದೆ.