ಕ್ಯಾಮೆರಾ ವಾಚು

೨೦೦೭ರ ಏಪ್ರಿಲ್ ೯, ಬೆಳಿಗ್ಗೆ ಹತ್ತು ನಲವತ್ತು. ಪರೀಕ್ಷಾ ಕೊಠಡಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ ಹುಡುಗಿಯೊಬ್ಬಳ ಕೈಯಿಂದ ಡಿಜಿಟಲ್ ವಾಚು ಬಿಚ್ಚಿಸಿದರು.

"ಇದ್ರಲ್ಲಿ ಕ್ಯಾಮೆರಾ ಉಂಟಲ್ಲ! ಪ್ರಶ್ನೆಪತ್ರಿಕೆ ಫೋಟೋ ತೆಗ್ದು ಯಾರಿಗೆ ದಾಟಿಸ್ತೀ?"

"ಟೈಮ್ ನೋಡ್ಲಿಕ್ಕೆ ಕಟ್ಟಿದ್ದು ಮೇಡಂ. ಮಾಮ ಸೌದಿಯ ದಮ್ಮಾಮಿಂದ ತಂದಿದ್ದ ಹಳೇ ವಾಚು. ಬೇಕಾದ್ರೆ ನೀವೇ ಒಂದು ಫೋಟೋ ತೆಗ್ದು ನೋಡಿ."

"ಇಪ್ಪತ್ತು ವರ್ಷ ಲೆನ್ಸಿನ ಪಾಠ ಮಾಡಿದವಳಿಗೆ ನೀನು ಕಲಿಸ್ತೀಯಾ? ಏಳು!"

ಪ್ರಾಂಶುಪಾಲರು ಡಿಬಾರ್ ಪತ್ರಕ್ಕೆ ಸಹಿ ಹಾಕಿದರು. ಹುಡುಗಿಯ ಒಂದು ವರ್ಷ ಹೋಯಿತು.

ಸಂಜೆ, ವರದಿಗೆ ಸಾಕ್ಷಿ ಬೇಕೆಂದು ಉಪನ್ಯಾಸಕಿ ವಾಚಿನೊಳಗೆ ಹುಡುಕಿದರು. ಒಂದು ಚಿತ್ರವೂ ಇರಲಿಲ್ಲ. ಅದೇ ಪ್ರಶ್ನೆಪತ್ರಿಕೆಯ ಫೋಟೋವನ್ನು ತಾವೇ ತೆಗೆದರು. ಪರದೆಯಲ್ಲಿ ಮೂಡಿದ್ದು ಬರೀ ಬೂದು ಮಚ್ಚೆ.

"ಏನು ಸಿಕ್ತು ಮೇಡಂ?" ಪಕ್ಕದ ಮೇಜಿನವರು ಕೇಳಿದರು.

ಉಪನ್ಯಾಸಕಿ ಭೂತಗನ್ನಡಿ ಹಿಡಿದು ಎಣಿಸಿದರು: ಪರದೆಯ ಅಡ್ಡಕ್ಕೆ ನೂರಿಪ್ಪತ್ತು ಚುಕ್ಕೆ, ಪ್ರಶ್ನೆಪತ್ರಿಕೆಯ ಸಾಲಿಗೆ ಎಂಬತ್ತು ಅಕ್ಷರ.

ಅಕ್ಷರವೊಂದಕ್ಕೆ ಒಂದೂವರೆ ಚುಕ್ಕೆ.