ವರನ ಹೆಸರು

ವರನ ಹೆಸರು ಇರಬೇಕಾದ ಜಾಗದಲ್ಲಿ ರಾಜಶೇಖರ ಎಂದು ಬರೆದಿತ್ತು. ಹುಚ್ಚಣ್ಣ ತನ್ನ ಲಗ್ನಪತ್ರಿಕೆಯ ಕರಡನ್ನು ಮತ್ತೊಮ್ಮೆ ಓದಿ ಮಾವನಾಗಲಿದ್ದ ಮರುಳಪ್ಪನವರ ಮುಖ ನೋಡಿದ. ಜಗಲಿಯ ಮೇಲೆ ಕೂತಿದ್ದ ಅವರು ಮಜ್ಜಿಗೆಯ ಲೋಟ ಕೆಳಗಿಟ್ಟು ಟವೆಲಿನಿಂದ ಮೀಸೆ ಒರೆಸಿಕೊಂಡರು.

“ನಿಮ್ಮ ನಕ್ಷತ್ರಕ್ಕೆ ಕೂಡಿ ಬರೋ ಹೆಸರೇ ಕಣ್ರೀ. ಮಠದ ಅಯ್ಯನೋರನ್ನ ಕೇಳಿ ಬರೆಸಿದ್ದು. ಸ್ಕೂಲಿನ ಲೆಕ್ಕದಲ್ಲಿ ಏನಾದ್ರೂ ಇರ್ಲಿ, ಪತ್ರಿಕೇಲಿ ಇದಿರ್ಲಿ. ತಿಪಟೂರಲ್ಲಿ ಪ್ರೆಸ್ಸಿನೋನು ಅಚ್ಚಿನ ಮೊಳೆ ಜೋಡಿಸೋಕೆ ಕಾಯ್ತಾ ಅವ್ನೆ.”

ಹುಚ್ಚಣ್ಣನಿಗೆ ಬೇಡವೆನಿಸಲಿಲ್ಲ. ನೊಣವಿನಕೆರೆಯ ಶಾಲೆಗೆ ಮೇಷ್ಟ್ರಾಗಿ ಸೇರಿದ ದಿನ ಬೋರ್ಡಿನ ಮೇಲೆ ತನ್ನ ಹೆಸರು ಬರೆದಾಗ ಇಡೀ ತರಗತಿ ನಕ್ಕಿತ್ತು. ಅವನು ಅಂಗಳದ ಕಡೆ ತಿರುಗಿ, “ಅವ್ವ, ಇಲ್ಲಿ ಕೇಳು” ಎಂದು ಬರೆದದ್ದನ್ನು ಓದಿ ಹೇಳಿದ.

ಚಪ್ಪರಕ್ಕೆಂದು ತೆಂಗಿನ ಗರಿ ಹೆಣೆಯುತ್ತಿದ್ದ ಅಂಕಮ್ಮ ಕೈ ನಿಲ್ಲಿಸಲಿಲ್ಲ. ಗಂಡ ತೀರಿಹೋದ ಮೇಲೆ ಆ ಮನೆಯಲ್ಲಿ ಕೊನೆಯ ಮಾತು ಅವಳದು.

“ಅದು ಬ್ಯಾಡ. ಹುಚ್ಚಣ್ಣ ಅಂತ್ಲೇ ಹಾಕ್ಸಿ.”

“ಹಂಗಂದ್ರೆ ಹೆಂಗೆ ತಾಯಿ?” ಎಂದರು ಮರುಳಪ್ಪ. “ನಮ್ಮ ದೊಡ್ಡಳಿಯ ಉಮಾಶಂಕರ. ಎರಡನೆಯೋನು ಜಗದೀಶ. ವಿಮಲಾ ಪಿಯುಸಿ ಓದಿರೋ ಹುಡುಗಿ. ಅವಳನ್ನ ಹುಚ್ಚಣ್ಣನಿಗೆ ಕೊಟ್ಟು ಮದುವೆ ಅಂತ ಹಂಚಿದ್ರೆ ಕೊಬ್ಬರಿ ಮಂಡೀಲಿ ನಾನು ತಲೆ ಎತ್ತಂಗಿಲ್ಲ.”

“ನಿಮ್ಮ ಹೆಸರೇನು ಬೀಗ್ರೇ?”

“ಯಾಕೆ? ಮರುಳಪ್ಪ.”

“ಮರುಳು ಅಂದ್ರೇನು, ಹುಚ್ಚು ಅಂದ್ರೇನು? ಮಂಡೀಲಿ ನಿಮ್ಮನ್ನ ನೋಡಿ ಯಾರಾದ್ರೂ ನಕ್ರಾ?”

ಹುಚ್ಚಣ್ಣ ನಗು ಮುಚ್ಚಿಕೊಳ್ಳಲು ಕಾಗದವನ್ನು ಮುಖದ ಮುಂದೆ ಹಿಡಿದ.

“ಅದು ಮರುಳಸಿದ್ಧನ ಹೆಸರು ಕಣಮ್ಮ. ದೇವರ ಹೆಸರಿಗೆ ಅರ್ಥ ಕೇಳ್ತಾರಾ?” ಮರುಳಪ್ಪನವರ ದನಿ ಗಡುಸಾಯಿತು. “ನೋಡಿ, ನಾನು ಇನ್ನೇನೂ ಕೇಳಿಲ್ಲ. ಇದೊಂದು ನಡೆಸ್ಕೊಡಿ. ಇಲ್ಲಾಂದ್ರೆ ಈ ಸಂಬಂಧದ ಬಗ್ಗೆ ಮನೇಲಿ ಇನ್ನೊಂದ್ಸಲ ಮಾತಾಡ್ಬೇಕಾಗ್ತದೆ.”

“ಒಪ್ಕೊಳವ್ವ” ಎಂದ ಹುಚ್ಚಣ್ಣ. “ಪತ್ರಿಕೇಲಿ ಹಾಕಿದ ಮಾತ್ರಕ್ಕೆ ನಾನೇನು ಬೇರೆಯೋನಾಗ್ತೀನಾ?”

ಅಂಕಮ್ಮ ಅರ್ಧ ಹೆಣೆದ ಗರಿಯನ್ನು ಕೆಳಗಿಟ್ಟು ಬಂದು ಜಗಲಿಯ ಅಂಚಿಗೆ ಕೂತಳು. ಮಾತಾಡುವ ಮೊದಲು ಬೆರಳಿಗೆ ಅಂಟಿದ್ದ ನಾರನ್ನು ಒಂದೊಂದಾಗಿ ಬಿಡಿಸಿ ಹಾಕಿದಳು.

“ರಾಜಶೇಖರ ಅಂತ ಈ ಮನೇಲಿ ಒಬ್ಬ ಆಗ್ಲೇ ಹುಟ್ಟಿದ್ದ ಬೀಗ್ರೇ. ಬಾವಿ ಹಿಂದಿನ ಆ ತೆಂಗಿನ ಮರದ ಬುಡದಲ್ಲವ್ನೆ. ಅದರ ಪಕ್ಕದ ಮರದ ಬುಡದಲ್ಲಿರೋನು ಚಂದ್ರಶೇಖರ. ಅವೂ ಅಯ್ಯನೋರನ್ನ ಕೇಳಿ ಇಟ್ಟ ಹೆಸರೇ. ಅವರ ಹತ್ರ ಇರೋ ಒಳ್ಳೇ ಹೆಸರೇ ನಾಲ್ಕು. ತೊಟ್ಲಿಗೆ ಹೂ ಕಟ್ಟಿ, ಊರಿಗೆಲ್ಲ ಕೇಳಂಗೆ ಕೂಗಿದ್ವಿ. ಒಬ್ಬನಿಗೆ ಹಲ್ಲೂ ಬಂದಿರ್ಲಿಲ್ಲ. ಇನ್ನೊಬ್ಬ ಅಂಬೆಗಾಲಿಕ್ತಿದ್ದ.”

ತನಗಿಂತ ಮೊದಲು ಇಬ್ಬರು ಹೋಗಿದ್ದರೆಂಬುದು ಹುಚ್ಚಣ್ಣನಿಗೆ ಗೊತ್ತಿತ್ತು. ಅವರ ಹೆಸರುಗಳನ್ನು ಅವನು ಕೇಳಿದ್ದು ಇದೇ ಮೊದಲು. ಕಾಗದ ಹಿಡಿದಿದ್ದ ಅವನ ಕೈ ಮೆಲ್ಲಗೆ ತೊಡೆಯ ಮೇಲಿಳಿಯಿತು.

“ಇವನು ಹುಟ್ಟಿದಾಗ ಮೊರದಲ್ಲಿ ಹಾಕ್ಕೊಂಡು ಹೋಗಿ ತಿಪ್ಪೆ ಮೇಲಿಟ್ವಿ. ಪಕ್ಕದ ಮನೆ ಸಿದ್ದಮ್ಮ, ‘ಯಾವುದೋ ಹುಚ್ಚುಮುಂಡೇದು, ಯಾರಿಗೂ ಬ್ಯಾಡವಂತೆ’ ಅಂತ ಗಟ್ಟಿಯಾಗಿ ಹೇಳ್ಕೊಂಡು ಎತ್ಕೊಂಡು ಹೋದ್ಲು. ನಾನು ಅವಳಿಗೆ ಒಂದು ಸೇರು ತೌಡು ಕೊಟ್ಟು ಈಸ್ಕೊಂಡೆ. ಮುದ್ದು ಮಾಡ್ಬೇಕು ಅನ್ಸಿದಾಗ್ಲೂ ಬೈದೇ ಕರೆದೆ. ಸಾವು ಬಾಗ್ಲಿಗೆ ಬಂದ್ರೂ ಹೆಸರು ಕೇಳಿ, ಇದ್ಯಾತಕ್ಕೆ ಅಂತ ಬುಟ್ಟೋಗ್ಲಿ ಅಂತ. ಬುಟ್ಟೋಯ್ತು. ಈಗ ಅದಕ್ಕೆ ಗೊತ್ತಿರೋ ಹೆಸರನ್ನೇ ತಂದು ಇವನಿಗೆ ಅಂಟಿಸ್ತೀನಿ ಅಂದ್ರೆ ನಾನು ಒಪ್ಪಾಕಿಲ್ಲ. ನೀವು ಹೆಣ್ಣು ಕೊಡ್ರಿ, ಬುಡ್ರಿ.”

ಮರುಳಪ್ಪ ಬಾವಿಯ ಕಡೆ ನೋಡಿದರು. ಎರಡೂ ಮರಗಳು ಗೊನೆ ಜಗ್ಗುವಷ್ಟು ಕಾಯಿ ಬಿಟ್ಟಿದ್ದವು. ವ್ಯಾಪಾರದ ಕಣ್ಣು ಅಭ್ಯಾಸಬಲದಿಂದ ಕಾಯಿಗಳ ಮೇಲೆ ಒಮ್ಮೆ ಆಡಿ, ನಾಚಿಕೊಂಡಂತೆ ಕೆಳಗಿಳಿಯಿತು. ಹುಚ್ಚಣ್ಣ ಜೇಬಿನಿಂದ ಪೆನ್ನು ತೆಗೆದು, ಕಾಗದದ ಜೊತೆ ಅವರ ಮುಂದೆ ಹಿಡಿದ.

ಮರುಳಪ್ಪ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ರಾಜಶೇಖರನನ್ನು ಹೊಡೆದುಹಾಕಿ ಮೇಲೆ ಹುಚ್ಚಣ್ಣ ಎಂದು ಬರೆದರು.

“ಮಂಡಿಯೋರು ನಗೋದಾದ್ರೆ ನಗ್ಲಿ. ಮರುಳಪ್ಪನ ಅಳಿಯ ಹುಚ್ಚಣ್ಣ. ಹೊಂದ್ಕೊಳ್ತದೆ ಬುಡಿ.”

“ಓದಿ ನೋಡಾನ” ಎಂದಳು ಓದು ಬಾರದ ಅಂಕಮ್ಮ.

ಅವರು ಗಂಟಲು ಸರಿಮಾಡಿಕೊಂಡು, “ಚಿರಂಜೀವಿ ಹುಚ್ಚಣ್ಣ...” ಎಂದು ಶುರುಮಾಡಿದರು.

“ತಡೀರಿ. ಹುಚ್ಚಣ್ಣ ಅನ್ನೋಕೆ ಮುಂಚೆ ಏನೋ ಅಂದ್ರಲ್ಲ?”

“ಚಿರಂಜೀವಿ ಅಂದೆ. ನೂರ್ಕಾಲ ಬಾಳ್ಲಿ ಅಂತ. ಎಲ್ಲಾ ಮದುವೆ ಗಂಡುಗಳಿಗೂ ಹಾಕ್ತಾರೆ ತಾಯಿ.”

ಅಂಕಮ್ಮ ಅಂಗಳದ ಆಚೆ, ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಬೀಗರ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದಳು:

“ಅದನ್ನೂ ಹೊಡೆದಾಕಿ. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನ ಅಚ್ಚಾಕ್ಸಿ ಊರೂರಿಗೆ ಹಂಚ್ತೀರಾ?”